ನದಿಗಳಿಗೆ ಕಿವಿಗೊಟ್ಟು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ‘ರಿವರ್ಸ್ ಆಫ್ ಲಂಡನ್’ ಎಂಬ ಇಂಗ್ಲಿಷ್ ಕಾದಂಬರಿ ಸರಣಿಯ ಧ್ವನಿಪುಸ್ತಕಗಳ ಬಗ್ಗೆ ಓದುಗರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಅಂದು ಆಡಿದಂತೆಯೇ ಇದೆ.)

ಎಲ್ಲರಿಗೂ ನಮಸ್ಕಾರ.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯ ಮೇಲೆ ಒಂದು ಹಳೆಯ ಪ್ರದೇಶವಿದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಅದರ ಹೆಸರು ಕಂಡಾಗಲೆಲ್ಲ ನಾನು ‘ಸೌತ್‌ವಾರ್ಕ್’ ಎಂದೇ ಓದಿಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷ ಹಾಗೆಯೇ ನಡೆಯಿತು. ಒಂದು ಸಂಜೆ ಮೈಸೂರು ರಸ್ತೆಯ ಬಸ್ಸಿನಲ್ಲಿ ಕುಳಿತು ಕಾದಂಬರಿಯೊಂದನ್ನು ಕೇಳುತ್ತಿದ್ದಾಗ, ಕಥೆ ಹೇಳುವವನು ‘ಸದಕ್’ ಎಂದ. ಇದು ಯಾವ ಹೊಸ ಜಾಗ ಎಂದು ಎರಡು ಸಲ ಹಿಂದಕ್ಕೆ ಹೋಗಿ ಕೇಳಿದೆ. ಮನೆಗೆ ಬಂದು ನಕ್ಷೆ ತೆರೆದು ನೋಡಿದರೆ ನನ್ನ ಹಳೆಯ ಸೌತ್‌ವಾರ್ಕೇ ಅದು. ಆಮೇಲೆ ಒಂದೊಂದಾಗಿ ಬೇರೆ ಹೆಸರುಗಳೂ ಕಳಚಿಕೊಂಡವು. ಹಾಲ್ಬಾರ್ನ್ ಎಂದುಕೊಂಡದ್ದು ಹೋಬನ್ ಆಯಿತು, ಗ್ರೀನ್‌ವಿಚ್ ಹೋಗಿ ಗ್ರೆನಿಚ್ ಬಂತು. ನಮ್ಮ ಭೂಗೋಳದ ಪಾಠದ ಥೇಮ್ಸ್ ಕೂಡ ಅಲ್ಲಿಯವರ ಬಾಯಲ್ಲಿ ಟೆಮ್ಸ್.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ನನ್ನೊಳಗೆ ಬಂದದ್ದು ಕಣ್ಣಿನ ದಾರಿಯಿಂದ. ಅಕ್ಷರ ನೋಡಿ, ನಿಘಂಟು ನೋಡಿ, ಅರ್ಥ ಕಟ್ಟಿಕೊಂಡು ಕಲಿತ ಭಾಷೆ ಅದು. ಇಲ್ಲಿ ಕುಳಿತವರಲ್ಲಿ ಬಹುಪಾಲು ಜನ ಹಾಗೆಯೇ ಕಲಿತಿರಬಹುದು. ಹೀಗೆ ಕಲಿತವರಿಗೆ ಇಂಗ್ಲಿಷ್ ಕಾದಂಬರಿಯಲ್ಲಿ ಒಂದು ಸಂಗತಿ ಸಿಗುವುದೇ ಇಲ್ಲ. ಮಾತನಾಡುವವರು ಯಾರು, ಯಾವ ಊರಿನವರು, ಯಾವ ಮನೆಯಿಂದ ಬಂದವರು ಎಂಬುದು ದನಿಯಲ್ಲಿರುತ್ತದೆ. ಅಚ್ಚಿನಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಮಾತನಾಡುತ್ತಾರೆ, ಅದೂ ನಮ್ಮದೇ ದನಿಯಲ್ಲಿ. ಕನ್ನಡದಲ್ಲಿ ಹೀಗಾಗುವುದಿಲ್ಲ. ಒಬ್ಬರು ಬಾಯಿ ತೆರೆದ ಅರ್ಧ ನಿಮಿಷದಲ್ಲಿ ಇವರು ಧಾರವಾಡದವರು, ಇವರು ಕುಂದಾಪುರದವರು, ಇವರು ಕೋಲಾರದ ಕಡೆಯವರು ಎಂದು ನಮಗೆ ಗೊತ್ತಾಗುತ್ತದೆ. ಲಂಡನ್ನಿನವರಿಗೂ ಅವರ ಊರಿನಲ್ಲಿ ಅಷ್ಟೇ ಬೇಗ ಗೊತ್ತಾಗುತ್ತದೆ. ಆ ಗುರುತಿನ ಸುಖ ನನಗೆ ಸಿಕ್ಕಿದ್ದು ಈ ಸರಣಿಯನ್ನು ಕೇಳಿದ ಮೇಲೆ. ಅದಕ್ಕಾಗಿಯೇ ಇವತ್ತು ಇದರ ಬಗ್ಗೆ ಮಾತನಾಡಲು ಒಪ್ಪಿಕೊಂಡೆ.

ಸರಣಿಯ ಹೆಸರು ‘ರಿವರ್ಸ್ ಆಫ್ ಲಂಡನ್’, ಬರೆದವರು ಬೆನ್ ಆರನೊವಿಚ್. 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ‘ಡಾಕ್ಟರ್ ಹೂ’ ಟಿವಿ ಧಾರಾವಾಹಿಗೆ ಎರಡು ಕಥೆ ಬರೆದಿದ್ದರು. ಆಮೇಲೆ ಕೆಲಸಗಳು ಕಡಿಮೆಯಾಗಿ, ಲಂಡನ್ನಿನ ಕೋವೆಂಟ್ ಗಾರ್ಡನ್ ಪ್ರದೇಶದ ಪುಸ್ತಕದಂಗಡಿಯಲ್ಲಿ ದುಡಿಯುತ್ತಿದ್ದರು. ಮೊದಲ ಕಾದಂಬರಿ 2011ರ ಜನವರಿಯಲ್ಲಿ ಬಂತು. ಅದರ ಕಥೆ ಶುರುವಾಗುವುದೂ ಅದೇ ಕೋವೆಂಟ್ ಗಾರ್ಡನ್ನಿನಲ್ಲಿ. ಅಂಗಡಿಯ ಗಲ್ಲಾದ ಹಿಂದೆ ನಿಂತವರು ಹೊರಗಿನ ಚೌಕವನ್ನು ದಿನವೂ ನೋಡಿ ಬರೆದದ್ದು ಇದು ಎಂದು ಕೇಳುವಾಗ ಅನ್ನಿಸುತ್ತದೆ. ಯಾವ ಕಂಬದ ಹಿಂದೆ ಗಾಳಿ ಕಡಿಮೆ, ಯಾವ ಮೂಲೆಯಿಂದ ಯಾವ ಬಾಗಿಲು ಕಾಣುತ್ತದೆ ಎಂಬುದೆಲ್ಲ ಅದರಲ್ಲಿದೆ.

ಕಥೆ ಹೀಗಿದೆ. ಪೀಟರ್ ಗ್ರಾಂಟ್ ಲಂಡನ್ ಪೊಲೀಸ್ ಪಡೆಗೆ ಹೊಸದಾಗಿ ಸೇರಿದ ಕಾನ್‌ಸ್ಟೆಬಲ್. ತಾಯಿ ಸಿಯೆರಾ ಲಿಯೋನ್ ದೇಶದಿಂದ ಬಂದವಳು, ಕಚೇರಿಗಳನ್ನು ಗುಡಿಸಿ ಒರೆಸುವ ಕೆಲಸ. ತಂದೆ ಜಾಜ್ ಕಹಳೆಗಾರ, ಚಟಗಳಿಂದ ವೃತ್ತಿಜೀವನ ಕಳೆದುಕೊಂಡವನು. ಜನವರಿಯ ಕೊರೆಯುವ ಚಳಿಯಲ್ಲಿ ಒಂದು ಕೊಲೆ ನಡೆದ ಜಾಗವನ್ನು ಕಾಯುತ್ತ ಸೇಂಟ್ ಪಾಲ್ಸ್ ಚರ್ಚಿನ ಕಂಬಗಳ ಸಾಲಿನ ಬಳಿ ನಿಂತಿರುತ್ತಾನೆ. ಇದು ಗುಮ್ಮಟವಿರುವ ದೊಡ್ಡ ಸೇಂಟ್ ಪಾಲ್ಸ್ ಅಲ್ಲ. ಇನಿಗೊ ಜೋನ್ಸ್ ಕಟ್ಟಿದ, ನಟರ ಚರ್ಚು ಎಂದು ಹೆಸರಾದ ಚಿಕ್ಕ ಚರ್ಚು. ಅಲ್ಲಿ ಒಬ್ಬ ಸಾಕ್ಷಿ ಮುಂದೆ ಬಂದು, ಕೊಲೆಯನ್ನು ಕಣ್ಣಾರೆ ಕಂಡೆ ಎನ್ನುತ್ತಾನೆ. ಆ ಸಾಕ್ಷಿ ಸತ್ತು ನೂರು ವರ್ಷಕ್ಕೂ ಹೆಚ್ಚಾಗಿದೆ. ಪೀಟರ್ ಓಡಿಹೋಗುವುದಿಲ್ಲ. ಪೊಲೀಸರು ಮಾಡುವ ಕೆಲಸವನ್ನೇ ಮಾಡುತ್ತಾನೆ: ಟಿಪ್ಪಣಿ ಪುಸ್ತಕ ತೆಗೆದು ಹೇಳಿಕೆ ಬರೆದುಕೊಳ್ಳತೊಡಗುತ್ತಾನೆ.

ಇಡೀ ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದು. ಒಬ್ಬ ಕಾನ್‌ಸ್ಟೆಬಲ್ ದೆವ್ವವೊಂದರ ಮಾತನ್ನು ಗೌರವದಿಂದ ಕೇಳಿಸಿಕೊಳ್ಳುತ್ತಾನೆ. ಆ ಕೇಳಿಸಿಕೊಳ್ಳುವಿಕೆಯಿಂದಲೇ ಅವನ ಬದುಕು ತಿರುಗುತ್ತದೆ. ಇಂಗ್ಲೆಂಡಿನಲ್ಲಿ ಉಳಿದ ಕೊನೆಯ ಅಧಿಕೃತ ಮಾಂತ್ರಿಕ, ಪೊಲೀಸ್ ಅಧಿಕಾರಿಯೂ ಆಗಿರುವ ಥಾಮಸ್ ನೈಟಿಂಗೇಲ್ ಅವನನ್ನು ಶಿಷ್ಯನನ್ನಾಗಿ ಮಾಡಿಕೊಳ್ಳುತ್ತಾನೆ. ನೈಟಿಂಗೇಲ್ ಹುಟ್ಟಿದ್ದು 1900ರಲ್ಲಿ, ನೋಡಲು ಮಾತ್ರ ನಡುವಯಸ್ಸಿನವನು. ರಸೆಲ್ ಸ್ಕ್ವೇರಿನ ಒಂದು ದೊಡ್ಡ ಹಳೆಯ ಮನೆಯಲ್ಲಿ ಗುರು, ಶಿಷ್ಯ, ಮಾತನಾಡದ ಅಡುಗೆಯವಳೊಬ್ಬಳು ಮತ್ತು ಒಂದು ನಾಯಿ. ಮಂತ್ರವಿದ್ಯೆಗೆ ಲ್ಯಾಟಿನ್ ಸೂತ್ರಗಳ ವ್ಯವಸ್ಥೆ ಕೊಟ್ಟವನು ಐಸಾಕ್ ನ್ಯೂಟನ್ ಎಂಬುದು ಈ ಕಥಾಲೋಕದ ನಂಬಿಕೆ. ಮಂತ್ರ ಪ್ರಯೋಗಿಸಿದರೆ ಹತ್ತಿರದ ಮೊಬೈಲಿನ ಚಿಪ್ ಪುಡಿಪುಡಿಯಾಗಿ ಮರಳಿನಂತಾಗುತ್ತದೆ. ಅದು ಎಷ್ಟು ದೂರದವರೆಗೆ ಆಗುತ್ತದೆ ಎಂದು ತಿಳಿಯಲು ಪೀಟರ್ ಹಳೆಯ ಫೋನುಗಳನ್ನೂ ಕ್ಯಾಲ್ಕ್ಯುಲೇಟರುಗಳನ್ನೂ ಸಾಲಾಗಿಟ್ಟು ಪರೀಕ್ಷೆ ಮಾಡುತ್ತಾನೆ. ಗುರು ಹೇಳಿದನೆಂದು ನಂಬಿ ಸುಮ್ಮನಾಗುವ ಶಿಷ್ಯ ಅಲ್ಲ ಅವನು, ಅಳೆದು ನೋಡುವವನು.

ಇಂಥ ಬರವಣಿಗೆಗೆ ಅರ್ಬನ್ ಫ್ಯಾಂಟಸಿ ಎಂಬ ಹೆಸರಿದೆ. ಮಾಯೆಯ ಲೋಕ ಬೇರೆಲ್ಲೋ ಇರುವುದಿಲ್ಲ. ನೀವು ದಿನವೂ ಬಸ್ಸು ಹಿಡಿಯುವ ನಗರದ ಒಳಗೇ, ಅದರ ಕಾನೂನು, ಚರಂಡಿ, ಕಾಗದಪತ್ರಗಳ ನಡುವೆಯೇ ಇರುತ್ತದೆ.

ಈಗ ದನಿಯ ವಿಷಯಕ್ಕೆ ಬರುತ್ತೇನೆ. ಮುಖ್ಯ ಕಾದಂಬರಿಗಳನ್ನು ಧ್ವನಿಪುಸ್ತಕಕ್ಕಾಗಿ ಓದಿದವರು ಕೋಬ್ನಾ ಹೋಲ್ಡ್‌ಬ್ರುಕ್-ಸ್ಮಿತ್. ಘಾನಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದ ನಟ. 2019ರಲ್ಲಿ ಲಂಡನ್ ರಂಗಭೂಮಿಯ ದೊಡ್ಡ ಗೌರವವಾದ ಒಲಿವಿಯೆ ಪ್ರಶಸ್ತಿ ಪಡೆದರು, ಗಾಯಕಿ ಟೀನಾ ಟರ್ನರ್ ಬದುಕಿನ ಸಂಗೀತನಾಟಕದಲ್ಲಿ ಐಕ್ ಟರ್ನರ್ ಪಾತ್ರಕ್ಕಾಗಿ.

ನಾನು ಕೆಲವು ವರ್ಷ ಆಕಾಶವಾಣಿಯ ನಾಟಕಗಳಲ್ಲಿ ಹವ್ಯಾಸಿ ಕಲಾವಿದನಾಗಿ ದನಿ ಕೊಟ್ಟಿದ್ದೇನೆ. ಅಲ್ಲಿ ಕಲಿತ ಮೊದಲ ಪಾಠ, ಮೈಕಿನ ಮುಂದೆ ಕಡಿಮೆ ಮಾಡಬೇಕು ಎಂಬುದು. ರಂಗದ ಮೇಲೆ ಮುದುಕನಾಗಲು ಬೆನ್ನು ಬಾಗಿಸಬಹುದು, ಕೋಲು ಊರಬಹುದು. ಮೈಕಿನ ಮುಂದೆ ಉಸಿರು ತೆಗೆದುಕೊಳ್ಳುವ ಜಾಗವನ್ನು ಬದಲಿಸಿದರೆ ಸಾಕು, ಮುದುಕ ಬಂದುಬಿಡುತ್ತಾನೆ. ಹೊಸಬರು ಪಾತ್ರಕ್ಕೊಂದು ವಿಚಿತ್ರ ಗಂಟಲು ಹಚ್ಚುತ್ತಾರೆ. ಹತ್ತು ನಿಮಿಷಕ್ಕೆ ಅವರಿಗೂ ಸುಸ್ತು, ಕೇಳುವವರಿಗೂ ಸುಸ್ತು. ನಾಟಕವಾದರೆ ಅರ್ಧ ಗಂಟೆಗೆ ಮುಗಿಯುತ್ತದೆ. ಇಲ್ಲಿ ಮೊದಲ ಪುಸ್ತಕವೇ ಸುಮಾರು 10 ಗಂಟೆ. ಅಷ್ಟು ಹೊತ್ತು ಒಬ್ಬರೇ ಮೂವತ್ತು ನಲವತ್ತು ಜನರನ್ನು ನಿಲ್ಲಿಸಬೇಕು.

ಹೋಲ್ಡ್‌ಬ್ರುಕ್-ಸ್ಮಿತ್ ಅದನ್ನು ಹೇಗೆ ಮಾಡುತ್ತಾರೆ ಎಂದು ನಾನು ಪೆನ್ನು ಹಿಡಿದು ಕೇಳಿದ್ದೇನೆ. ಪೀಟರ್ ಮಾತನಾಡುವಾಗ ಪದಗಳ ಕೊನೆ ಸಡಿಲವಾಗಿರುತ್ತದೆ, ‘ಟ’ಕಾರ ಗಂಟಲಲ್ಲೇ ಉಳಿದುಬಿಡುತ್ತದೆ. ಲಂಡನ್ನಿನ ಸಾಮಾನ್ಯ ಮನೆಯ ಹುಡುಗನ ಮಾತು ಅದು. ನೈಟಿಂಗೇಲ್ ಬಾಯಿ ತೆರೆದರೆ ಪ್ರತಿ ವ್ಯಂಜನವೂ ಪೂರ್ತಿಯಾಗುತ್ತದೆ, ವಾಕ್ಯ ಎಲ್ಲಿ ಮುಗಿಯುತ್ತದೆಂದು ಶುರುವಿನಲ್ಲೇ ಗೊತ್ತಿದ್ದವನಂತೆ ಅವನು ಮಾತನಾಡುತ್ತಾನೆ. ವೈದ್ಯ ಅಬ್ದುಲ್ ಹಕ್ ವಾಲಿದ್ ಹೆಸರು ಕೇಳಿದಾಗ ನಮಗೆ ಒಂದು ಚಿತ್ರ ಮೂಡುತ್ತದೆ. ಆದರೆ ಅವನು ಇಸ್ಲಾಂ ಸ್ವೀಕರಿಸಿದ ಸ್ಕಾಟ್ಲೆಂಡಿನವನು, ಮಾತು ಪಕ್ಕಾ ಸ್ಕಾಟಿಷ್. ಕಣ್ಣಿನಿಂದ ಓದುವಾಗ ಈ ವೈದ್ಯ ಸ್ಕಾಟಿಷ್ ಎಂಬುದನ್ನು ನಾನು ಮೂರು ಪುಟದ ನಂತರ ಮರೆಯುತ್ತಿದ್ದೆ. ಕೇಳುವಾಗ ಮರೆಯಲು ಅವಕಾಶವೇ ಇಲ್ಲ. ಕೊಲೆ ತನಿಖೆಯ ದೊಡ್ಡ ಅಧಿಕಾರಿ ಸೀವೋಲ್ ಉತ್ತರ ಇಂಗ್ಲೆಂಡಿನವನು. ಅವನ ಸಿಟ್ಟಿಗೂ ಆ ಸೀಮೆಯದೇ ಒಂದು ಲಯವಿದೆ.

ಬಹಳ ದಿನ ಕೇಳಿದ ಮೇಲೆ ನನಗೆ ಹೊಳೆದ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಈ ಕಾದಂಬರಿಗಳು ಉತ್ತಮ ಪುರುಷದಲ್ಲಿವೆ, ‘ನಾನು’ ಎಂದು ಪೀಟರನೇ ಹೇಳುತ್ತಾನೆ. ಹಾಗಾದರೆ ನಮಗೆ ಕೇಳುವ ನೈಟಿಂಗೇಲನ ದನಿ ನಿಜವಾಗಿ ಯಾರದು? ಪೀಟರ್ ನೆನಪಿಸಿಕೊಂಡು ಹೇಳುತ್ತಿರುವ ನೈಟಿಂಗೇಲನದು. ಮನೆಯಲ್ಲಿ ಯಾರಾದರೂ ತಮ್ಮ ಮೇಷ್ಟರ ಕಥೆ ಹೇಳುವಾಗ ಮೇಷ್ಟರ ಮಾತು ಬಂದ ಕಡೆ ತಮಗರಿವಿಲ್ಲದೆಯೇ ಅವರ ಹಾಗೆ ಮಾತನಾಡುತ್ತಾರಲ್ಲ, ಹಾಗೆ. ಅದು ಅಣಕವಲ್ಲ. ಒಬ್ಬರನ್ನು ಬಹಳ ಹತ್ತಿರದಿಂದ ಕೇಳಿಸಿಕೊಂಡವರಿಗೆ ಮಾತ್ರ ಅದು ಸಾಧ್ಯ. ಈ ನಟ ನೈಟಿಂಗೇಲನ ದನಿಯನ್ನು ಪೂರ್ತಿ ಬೇರೆಯಾಗಿ ಮಾಡುವುದಿಲ್ಲ, ಪೀಟರನ ದನಿಯೊಳಗಿಂದಲೇ ಎತ್ತುತ್ತಾರೆ. ಶಿಷ್ಯನಿಗೆ ಗುರುವಿನ ಮೇಲಿರುವ ಪ್ರೀತಿ ಅಲ್ಲಿ ಕೇಳಿಸುತ್ತದೆ. ಆ ಪ್ರೀತಿಯನ್ನು ಪೀಟರ್ ಬಾಯಿಬಿಟ್ಟು ಹೇಳುವುದು ಬಹಳ ಕಡಿಮೆ. ಈ ಸರಣಿಯನ್ನು ಕೇಳಬೇಕು ಎಂದು ನಾನು ಹಟ ಹಿಡಿದು ಹೇಳುವುದಕ್ಕೆ ಮೊದಲ ಕಾರಣ ಇದೇ.

ಮೊದಲ ಪುಸ್ತಕದಲ್ಲಿ ಇನ್ನೊಂದು ದನಿ ಇದೆ. ಇಂಗ್ಲೆಂಡಿನ ಬೀದಿ ಗೊಂಬೆಯಾಟದ ಪಂಚ್ ಎಂಬ ಗೊಂಬೆ. ಸ್ಯಾಮ್ಯುಯೆಲ್ ಪೀಪ್ಸ್ ಎಂಬವನು 1662ರ ಮೇ 9ರಂದು ಕೋವೆಂಟ್ ಗಾರ್ಡನ್ನಿನಲ್ಲಿ ಈ ಆಟ ನೋಡಿದೆನೆಂದು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಪಂಚ್‌ನ ಕೀರಲು ದನಿ ಹೊರಡಿಸಲು ಆಟಗಾರರು ಎರಡು ಲೋಹದ ಪಟ್ಟಿಗಳ ನಡುವೆ ಬಟ್ಟೆಯ ಪಟ್ಟಿ ಬಿಗಿದ ಪುಟ್ಟ ಪೀಪಿಯೊಂದನ್ನು ಬಾಯಿಯ ಅಂಗಳಕ್ಕೆ ಒತ್ತಿ ಹಿಡಿಯುತ್ತಾರೆ. ಬೇರೆ ಗೊಂಬೆಗಳ ಮಾತು ಬಂದಾಗ ಅದನ್ನು ನಾಲಿಗೆಯಿಂದ ಬದಿಗೆ ಸರಿಸುತ್ತಾರೆ. ಒಂದೇ ಬಾಯಲ್ಲಿ ಹಲವರನ್ನು ಆಡಿಸುವ ಕಲೆ ಆ ಚೌಕದಲ್ಲಿ ಮುನ್ನೂರ ಐವತ್ತು ವರ್ಷಗಳಿಗೂ ಹಳೆಯದು. ಆ ಚೌಕದ ಕಥೆಯನ್ನು ಒಬ್ಬ ನಟ ಒಂದೇ ಬಾಯಲ್ಲಿ ಹೇಳುತ್ತಿದ್ದಾರೆ ಎಂದು ನೆನೆದಾಗ ನನಗೆ ಮೈ ಜುಮ್ಮೆಂದಿತ್ತು.

ಕಿವಿಯ ಮಾತಿಗೇ ಇನ್ನೊಂದು ಪ್ರಸಂಗ. ಈ ಕಥೆಗಳಲ್ಲಿ ಮಂತ್ರ ನಡೆದ ಜಾಗದಲ್ಲಿ ಒಂದು ಗುರುತು ಉಳಿಯುತ್ತದೆ. ಲ್ಯಾಟಿನ್ನಿನಲ್ಲಿ ವೆಸ್ಟಿಜಿಯಂ ಎನ್ನುತ್ತಾರೆ, ಹೆಜ್ಜೆಗುರುತು ಎಂದು ಅರ್ಥ. ಅದು ಕಣ್ಣಿಗೆ ಕಾಣುವುದಿಲ್ಲ. ಒಂದು ವಾಸನೆಯಾಗಿ, ಚಳಿಯಾಗಿ, ಸದ್ದಾಗಿ ಮನಸ್ಸಿಗೆ ತಟ್ಟಿ ಹೋಗುತ್ತದೆ. ಅದು ಹೊರಗಿನಿಂದ ಬಂತೋ, ತನ್ನದೇ ನೆನಪೋ ಎಂದು ಬೇರ್ಪಡಿಸಿ ತಿಳಿಯುವುದೇ ಪೀಟರನ ಮೊದಲ ತರಬೇತಿ. ಎರಡನೆಯ ಪುಸ್ತಕ ‘ಮೂನ್ ಓವರ್ ಸೋಹೋ’ದಲ್ಲಿ ಒಬ್ಬ ಲೆಕ್ಕಿಗ ಸತ್ತಿದ್ದಾನೆ, ಬಿಡುವಿನಲ್ಲಿ ಜಾಜ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು. ಶವಾಗಾರದಲ್ಲಿ ಪೀಟರ್ ಆ ದೇಹದ ಹತ್ತಿರ ಬಗ್ಗಿದಾಗ ಒಂದು ರಾಗ ಕೇಳಿಸುತ್ತದೆ: ‘ಬಾಡಿ ಆ್ಯಂಡ್ ಸೋಲ್’. ಅದನ್ನು ನೂರಾರು ತಂಡಗಳು ನುಡಿಸಿವೆ. ಇದು ಯಾವ ತಂಡದ್ದು ಎಂಬ ಪ್ರಶ್ನೆಯೇ ತನಿಖೆಯಾಗುತ್ತದೆ. ಆಗ ಮನೆಯ ಮೂಲೆಯಲ್ಲಿ ಕುಳಿತ ಅಪ್ಪನ ಕಿವಿ ಬೇಕಾಗುತ್ತದೆ. ಜಗತ್ತು ಮರೆತ ಕಹಳೆಗಾರ ಮಗನ ತನಿಖೆಗೆ ದಾರಿ ತೋರಿಸುತ್ತಾನೆ. ಹುಡುಕಾಟ ಹೋಗಿ ನಿಲ್ಲುವುದು ನಿಜವಾದ ಒಂದು ದುರಂತದ ಬಳಿ. 1941ರ ಮಾರ್ಚ್ 8ರ ರಾತ್ರಿ ಲಂಡನ್ನಿನ ಕೆಫೆ ದ ಪ್ಯಾರಿಸ್ ಎಂಬ ನೆಲಮಾಳಿಗೆಯ ನೃತ್ಯಶಾಲೆಯ ಮೇಲೆ ಜರ್ಮನ್ ಬಾಂಬು ಬಿತ್ತು. ವೇದಿಕೆಯ ಮೇಲಿದ್ದ ತಂಡದ ನಾಯಕ ಕೆನ್ ಜಾನ್ಸನ್ ಅಲ್ಲಿಯೇ ತೀರಿಕೊಂಡ. ಬ್ರಿಟಿಷ್ ಗಯಾನಾದಿಂದ ಬಂದವನು, 26 ವರ್ಷ. ಈ ಅಧ್ಯಾಯಗಳನ್ನು ಕೇಳಿದ ರಾತ್ರಿ ನಾನು ಅವನ ಹಳೆಯ ಧ್ವನಿಮುದ್ರಿಕೆ ಹುಡುಕಿ ಹಾಕಿಕೊಂಡೆ. ಮುದ್ರಿಕೆಯ ಗೀರುಗಳ ಸದ್ದಿನ ಹಿಂದೆ ಅವನ ತಂಡ ನುಡಿಸುತ್ತಿತ್ತು. ಕಥೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಹೇಳುವುದಿಲ್ಲ, ನೀವೇ ಕೇಳಬೇಕು.

ಇನ್ನು ನದಿಗಳು. ಸರಣಿಯ ಹೆಸರೇ ನದಿಗಳದ್ದು. ಥೇಮ್ಸ್ ನದಿಗೆ ಇಬ್ಬರು ದೇವತೆಗಳು. ಮೇಲ್ಭಾಗಕ್ಕೆ ಒಬ್ಬ ಮುದುಕ, ಫಾದರ್ ಥೇಮ್ಸ್. ಸಮುದ್ರದ ಉಬ್ಬರವಿಳಿತ ತಲುಪುವ ಟೆಡಿಂಗ್ಟನ್ ತೂಬಿನಿಂದ ಕೆಳಗೆ ಒಬ್ಬ ತಾಯಿ, ಮಾಮಾ ಥೇಮ್ಸ್. ಮುದುಕ ನಗರ ಬಿಟ್ಟು ಹೋದದ್ದಕ್ಕೆ ಹಿನ್ನೆಲೆಯಾಗಿ ಬರುವುದು 1858ರ ಬೇಸಿಗೆ. ಆ ವರ್ಷ ಇಡೀ ಲಂಡನ್ನಿನ ಹೊಲಸು ನದಿಯಲ್ಲಿ ಕೊಳೆತು, ಸಂಸತ್ತಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರೂ ಒಳಗೆ ಕೂರಲಾಗಲಿಲ್ಲ. ಇಂಗ್ಲಿಷರು ಆ ಬೇಸಿಗೆಯನ್ನು ‘ಮಹಾ ದುರ್ನಾತ’ ಎಂದೇ ಕರೆಯುತ್ತಾರೆ. ಅದರ ನಂತರವೇ ಜೋಸೆಫ್ ಬಾಜಲ್ಜೆಟ್ ಎಂಬ ಎಂಜಿನಿಯರ್ ದೊಡ್ಡ ಒಳಚರಂಡಿ ಜಾಲ ಕಟ್ಟಿದ್ದು. ಕಥೆಯ ಪ್ರಕಾರ ಸುಮಾರು ನೂರು ವರ್ಷ ಲಂಡನ್ನಿನ ಥೇಮ್ಸ್‌ಗೆ ದೇವರೇ ಇರಲಿಲ್ಲ. 1950ರ ದಶಕದಲ್ಲಿ ನೈಜೀರಿಯಾದಿಂದ ನರ್ಸ್ ತರಬೇತಿಗೆ ಬಂದ ಹುಡುಗಿಯೊಬ್ಬಳು ನೊಂದು ಲಂಡನ್ ಸೇತುವೆಯಿಂದ ನೀರಿಗೆ ಹಾರುತ್ತಾಳೆ. ನದಿ ಅವಳನ್ನು ಮುಳುಗಿಸುವುದಿಲ್ಲ, ತನ್ನ ಪೀಠದಲ್ಲಿ ಕೂರಿಸುತ್ತದೆ. ಅವಳ ಹೆಣ್ಣುಮಕ್ಕಳು ನಗರದ ಚಿಕ್ಕ ನದಿಗಳು: ಟೈಬರ್ನ್, ಫ್ಲೀಟ್, ಎಫ್ರಾ, ಬೆವರ್ಲಿ ಬ್ರುಕ್. ಹೊರಗಿನಿಂದ ಬಂದವರು ಒಂದು ನಗರವನ್ನು ತಮ್ಮದಾಗಿಸಿಕೊಳ್ಳುವುದನ್ನು ಇಷ್ಟು ಹೃದಯ ತುಂಬಿ ಹೇಳಿದ ಕಲ್ಪನೆಯನ್ನು ನಾನು ಬೇರೆ ಕಂಡಿಲ್ಲ. ನೈಜೀರಿಯಾದ ಏರಿಳಿತವಿರುವ ಆ ತಾಯಿಯ ದನಿಯನ್ನು ಕೇಳಿದಾಗ, ಈ ಊರಿಗೆ ಅಧಿಕಾರಿ ಯಾರು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ನಮಗೆ ಇದರಲ್ಲಿ ಅಚ್ಚರಿಪಡುವಂಥದ್ದು ಕಡಿಮೆ. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಕಾದು ನಿಲ್ಲುವವರು ನಾವು, ಜಲಾಶಯ ತುಂಬಿದರೆ ಬಾಗಿನ ಕೊಡುವವರು. ನದಿ ಹೆಣ್ಣು, ತಾಯಿ ಎಂಬುದಕ್ಕೆ ಯಾರೂ ನಮಗೆ ವಿವರಣೆ ಕೊಡಬೇಕಾಗಿಲ್ಲ. ಪೀಟರ್ ಮೊದಲ ಸಲ ಮಾಮಾ ಥೇಮ್ಸ್ ಮನೆಗೆ ಹೊರಟಾಗ, ಅಲ್ಲಿ ಕೊಟ್ಟದ್ದನ್ನು ತಿನ್ನಬೇಡ, ಕುಡಿಯಬೇಡ ಎಂದು ಗುರು ಎಚ್ಚರಿಸುತ್ತಾನೆ. ತಿಂದರೆ ಅವಳಿಗೆ ಕಟ್ಟುಬಿದ್ದಂತೆ. ಇಂಗ್ಲಿಷಿನಲ್ಲಿ ಅದಕ್ಕೆ ಕಾನೂನಿನ ವಾಸನೆಯ ಪದವೊಂದನ್ನು ಬಳಸುತ್ತಾರೆ. ಬಸ್ಸಿನಲ್ಲಿ ಅದನ್ನು ಕೇಳಿದೊಡನೆ ನನ್ನ ಮನಸ್ಸಿಗೆ ಬಂದದ್ದು ‘ಅನ್ನದ ಋಣ’. ಅಜ್ಜಿ ಹೇಳುತ್ತಿದ್ದ ಎರಡು ಪದ. ಆ ದೃಶ್ಯ ಪೂರ್ತಿ ನನ್ನದಾಯಿತು.

ಅದೇ ಬಸ್ಸಿನ ಕಿಟಕಿಯ ಆಚೆ ವೃಷಭಾವತಿ ಹರಿಯುತ್ತಿತ್ತು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದವಳು ಎಂಬ ನಂಬಿಕೆಯ ನದಿ. ಅರ್ಕಾವತಿಯನ್ನು ಸೇರಿ ಕೊನೆಗೆ ಕಾವೇರಿ ಮುಟ್ಟುವವಳು. ಈಗ ಅವಳನ್ನು ಮೋರಿ ಎಂದೇ ಕರೆಯುತ್ತೇವೆ, ಗಾಳಿ ಆಂಜನೇಯ ಗುಡಿಯ ಹತ್ತಿರ ಬಸ್ಸು ನಿಂತರೆ ಮೂಗು ಮುಚ್ಚುತ್ತೇವೆ. ನನ್ನ ಕಿವಿಯಲ್ಲಿ ಫ್ಲೀಟ್ ಎಂಬ ನದಿಯ ಕಥೆ ನಡೆಯುತ್ತಿತ್ತು. ಅದೂ ಒಂದು ಕಾಲಕ್ಕೆ ಹೊಲಸಿನ ಕಾಲುವೆಯಾಗಿ, ಆಮೇಲೆ ರಸ್ತೆಯ ಅಡಿಗೆ ಹೋದದ್ದು. ಇನ್ನೊಂದು ನದಿ ವೆಸ್ಟ್‌ಬೋರ್ನ್, ಸ್ಲೋನ್ ಸ್ಕ್ವೇರ್ ಎಂಬ ನೆಲದಡಿಯ ರೈಲು ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಮೇಲ್ಗಡೆ ಹಾದುಹೋದ ದೊಡ್ಡ ಕಬ್ಬಿಣದ ಕೊಳವೆಯೊಳಗೆ ಇಂದಿಗೂ ಹರಿಯುತ್ತಿದೆ. ಕೆಳಗೆ ರೈಲಿಗೆ ಕಾಯುವವರಿಗೆ ತಲೆಯ ಮೇಲೆ ನದಿಯೊಂದು ಹೋಗುತ್ತಿದೆ ಎಂದು ಗೊತ್ತೇ ಇರುವುದಿಲ್ಲ.

ಎರಡು ವರ್ಷದ ಹಿಂದೆ ಅಕ್ಕನ ಮಗಳ ಮನೆಗೆಂದು ಲಂಡನ್ನಿಗೆ ಹೋಗುವ ಅವಕಾಶ ಬಂತು. ಅವಳು ಅರಮನೆ, ಗಡಿಯಾರ ಗೋಪುರ ಎಂದು ಪಟ್ಟಿ ಮಾಡಿಟ್ಟಿದ್ದಳು. ನಾನು ಕೇಳಿದ್ದು ಕ್ಲರ್ಕನ್‌ವೆಲ್ ಪ್ರದೇಶದ ರೇ ಸ್ಟ್ರೀಟ್ ಎಂಬ ಚಿಕ್ಕ ಬೀದಿ. ಅಲ್ಲಿ ಕೋಚ್ ಎಂಬ ಹಳೆಯ ಪಬ್ಬಿನ ಮುಂದೆ ನೆಲದಲ್ಲಿ ಒಂದು ಕಬ್ಬಿಣದ ಜಾಲರಿ ಇದೆ. “ಮಾಮಾ, ಇದನ್ನು ನೋಡುವುದಕ್ಕಾ ಇಷ್ಟು ದೂರ ಬಂದದ್ದು?” ಎಂದಳು. “ನೋಡುವುದಕ್ಕಲ್ಲ, ಸ್ವಲ್ಪ ಹೊತ್ತು ಮಾತನಾಡಬೇಡ” ಎಂದೆ. ಮಂಡಿಯೂರಿ ಬಗ್ಗಿದೆ. ವ್ಯಾನೊಂದು ದಾಟಿಹೋಯಿತು. ಸದ್ದಡಗಿದ ಮೇಲೆ, ಬಹಳ ಕೆಳಗಿನಿಂದ, ಮಳೆಗಾಲದಲ್ಲಿ ಬಾವಿಗೆ ಬದಿಯ ಒರತೆ ಬೀಳುವಾಗ ಕೇಳುವಂಥ ಸದ್ದು. ನಿಲ್ಲದೆ ಓಡುವ ನೀರು. ಅದು ಫ್ಲೀಟ್. ಅವಳೂ ಪಕ್ಕದಲ್ಲಿ ಕುಳಿತು ಕಿವಿಗೊಟ್ಟಳು. ಇಬ್ಬರೂ ಹತ್ತು ನಿಮಿಷ ಅಲ್ಲಿಯೇ ಇದ್ದೆವು. ಆ ಊರಿನಲ್ಲಿ ಎಂಟು ವರ್ಷದಿಂದ ಇದ್ದವಳಿಗೆ ಅದು ಹೊಸದು.

ದೀರ್ಘ ಸರಣಿ ಎಂದರೆ ಬೇಸರವಾಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. 2011ರಿಂದ 2025ರವರೆಗೆ ಮುಖ್ಯ ಕಾದಂಬರಿಗಳ ಜೊತೆಗೆ ಕಿರುಕಾದಂಬರಿಗಳೂ ಒಂದು ಕಥಾಸಂಕಲನವೂ ಬಂದಿವೆ. ಎಲ್ಲವೂ ಒಂದೇ ಎತ್ತರದಲ್ಲಿಲ್ಲ ಎಂದು ನಾನು ಒಪ್ಪುತ್ತೇನೆ. ನಡುವಿನ ಕೆಲವು ಪುಸ್ತಕಗಳಲ್ಲಿ ಹಳೆಯ ಖಳನ ಬೆನ್ನಟ್ಟುವಿಕೆ ಎಳೆದಂತಾಗಿದೆ. ಆದರೆ ಐದನೆಯ ‘ಫಾಕ್ಸ್‌ಗ್ಲವ್ ಸಮ್ಮರ್’ನಲ್ಲಿ ಪೀಟರನನ್ನು ಲಂಡನ್ನಿನಿಂದ ಹೊರಗೆ, ಹೆರಿಫರ್ಡ್‌ಶೈರಿನ ಹಳ್ಳಿಗಾಡಿಗೆ ಕಳುಹಿಸಿದಾಗ ಮತ್ತೆ ತಂಗಾಳಿ ಬೀಸುತ್ತದೆ. ನಗರದ ಹುಡುಗ ಹಳ್ಳಿಯವರ ಮಾತಿನ ನಡುವೆ ನಿಂತಾಗ ಅವನ ಲಂಡನ್ ಉಚ್ಚಾರ ಎದ್ದು ಕೇಳಿಸುತ್ತದೆ. ಅಚ್ಚಿನಲ್ಲಿ ಇದು ಗೊತ್ತಾಗುವುದಿಲ್ಲ.

ಇಷ್ಟು ವರ್ಷ ಒಂದೇ ದನಿ ಜೊತೆಗಿರುವುದು ಎಷ್ಟು ದೊಡ್ಡದು ಎಂಬುದಕ್ಕೆ ಬೇರೆ ಸರಣಿಯ ಒಂದು ನಿದರ್ಶನ ಕೊಡುತ್ತೇನೆ. ಅಮೆರಿಕದ ಷಿಕಾಗೊ ನಗರದ ಮಾಂತ್ರಿಕ ಪತ್ತೇದಾರನ ಕಥೆ ‘ಡ್ರೆಸ್ಡೆನ್ ಫೈಲ್ಸ್’. ಜಿಮ್ ಬುಚರ್ 2000ದಿಂದ ಬರೆಯುತ್ತ ಬಂದದ್ದು. ಅದನ್ನು ಓದುತ್ತಿದ್ದವರು ಜೇಮ್ಸ್ ಮಾರ್ಸ್ಟರ್ಸ್ ಎಂಬ ನಟ. 2011ರಲ್ಲಿ ಹದಿಮೂರನೆಯ ಪುಸ್ತಕ ‘ಘೋಸ್ಟ್ ಸ್ಟೋರಿ’ಯನ್ನು ಜಾನ್ ಗ್ಲೋವರ್ ಎಂಬ ಇನ್ನೊಬ್ಬ ನುರಿತ ನಟ ಓದಿದರು. ಅವರ ಓದಿನಲ್ಲಿ ಕೊರತೆಯೇನಿರಲಿಲ್ಲ. ಆದರೂ ಬಹಳಷ್ಟು ಕೇಳುಗರಿಗೆ ಅದು ತಮ್ಮ ಹ್ಯಾರಿ ಡ್ರೆಸ್ಡೆನ್ ಅಲ್ಲ ಎನಿಸಿತು. ಕೊನೆಗೆ 2015ರಲ್ಲಿ ಅದೇ ಪುಸ್ತಕ ಮಾರ್ಸ್ಟರ್ಸ್ ದನಿಯಲ್ಲಿ ಮತ್ತೆ ಬಂತು. ಕೇಳುಗರದು ಹಟಮಾರಿತನ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಹತ್ತು ವರ್ಷ ಮಾತನಾಡಿಸಿದ ಗೆಳೆಯ ಒಂದು ದಿನ ಬೇರೆ ಗಂಟಲಲ್ಲಿ ಫೋನ್ ಮಾಡಿದರೆ ನಾವೂ ತಡವರಿಸುತ್ತೇವೆ.

ಆರನೊವಿಚ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದ್ದಾರೆ, ಅದು ಸರಿಯಾದ ದಾರಿ. ಕಥೆ ಹೇಳುವ ಪಾತ್ರ ಬದಲಾದಾಗ ಓದುವವರೂ ಬದಲಾಗುತ್ತಾರೆ. ಜರ್ಮನಿಯ ಟ್ರಿಯರ್ ನಗರದಲ್ಲಿ ನಡೆಯುವ ‘ದಿ ಅಕ್ಟೋಬರ್ ಮ್ಯಾನ್’ ಅನ್ನು ಸ್ಯಾಮ್ ಪೀಟರ್ ಜಾಕ್ಸನ್ ಓದಿದ್ದಾರೆ. ಪೀಟರನ ಸಂಬಂಧಿ ಹುಡುಗಿ ಅಬಿಗೇಲ್ ಹೇಳುವ 2021ರ ಕಿರುಕಾದಂಬರಿಯನ್ನು ಷ್ವೋರ್ನ್ ಮಾರ್ಕ್ಸ್ ಓದಿದ್ದಾರೆ. ಅಬಿಗೇಲ್ ಹದಿಹರೆಯದವಳು, ಅವಳ ಲಂಡನ್ ಪೀಟರನ ಲಂಡನ್ ಅಲ್ಲ, ಅವಳ ಪದಗಳೂ ಬೇರೆ, ಅವಸರವೂ ಬೇರೆ. ಈ ಹುಡುಗಿ ಮೊದಲು ಪೀಟರನ ಮಾತಿನೊಳಗೆ ಒಂದು ತಂಟೆಯ ಮಗುವಾಗಿ ಬಂದವಳು. 2025ರ ‘ಸ್ಟೋನ್ ಆ್ಯಂಡ್ ಸ್ಕೈ’ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ನಡೆಯುತ್ತದೆ, ಅದರಲ್ಲಿ ಕಥೆಯನ್ನು ಇಬ್ಬರೂ ಹಂಚಿಕೊಂಡಿದ್ದಾರೆ, ಓದನ್ನು ಇಬ್ಬರು ನಟರು. ಪೀಟರನ ಅಧ್ಯಾಯ ಮುಗಿದು ಅವಳ ದನಿ ಶುರುವಾದಾಗ, ಮನೆಯ ಚಿಕ್ಕವಳು ದೊಡ್ಡವರ ಸಾಲಿನಲ್ಲಿ ಕುಳಿತು ಮಾತನಾಡಿದ ಹಾಗಾಯಿತು.

ಕೇಳುವುದು ಓದುವುದಕ್ಕೆ ಸಮವೇ ಎಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ನನ್ನ ಉತ್ತರ ಚಿಕ್ಕದು. ಬ್ರಿಟನ್ನಿನಲ್ಲಿ ಮಾತನಾಡುವ ಪುಸ್ತಕಗಳ ಸೇವೆ 1935ರಲ್ಲಿ ಶುರುವಾದದ್ದು ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರನ್ನೂ ಇತರ ಅಂಧರನ್ನೂ ಮನಸ್ಸಿನಲ್ಲಿಟ್ಟುಕೊಂಡು. ಅವರ ಓದನ್ನು ಓದಲ್ಲ ಎನ್ನುವ ಹಕ್ಕು ಯಾರಿಗೂ ಇಲ್ಲ. ನಮ್ಮಲ್ಲಿ ಗಮಕಿ ಹಾಡಿ ವ್ಯಾಖ್ಯಾನಕಾರರು ಬಿಡಿಸಿ ಹೇಳಿದ ಕಾವ್ಯವನ್ನು ಅಕ್ಷರ ಬಾರದ ಎಷ್ಟೋ ಜನ ಸಾಲುಸಾಲಾಗಿ ಬಾಯಿಪಾಠ ಮಾಡಿದ್ದರು. ಕೇಳುವುದರಲ್ಲಿ ಒಂದು ನಿಜವಾದ ತೊಡಕಿದೆ. ಹೆಸರುಗಳ ಕಾಗುಣಿತ ಗೊತ್ತಾಗುವುದಿಲ್ಲ, ಹಿಂದಿನ ಪುಟವನ್ನು ತಟಕ್ಕನೆ ತಿರುವಿ ನೋಡಲಾಗುವುದಿಲ್ಲ. ಹಾಗಾಗಿ ನಾನು ಒಂದು ಚೀಟಿಯಲ್ಲಿ ಪಾತ್ರಗಳ ಹೆಸರುಗಳನ್ನು ಕೇಳಿದಂತೆಯೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ನಮ್ಮ ಲಿಪಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಹೊಸದಾಗಿ ಶುರುಮಾಡುವವರಿಗೆ ಎರಡೇ ಮಾತು. ಬಂದ ಕ್ರಮದಲ್ಲಿಯೇ ಕೇಳಿ, ನಡುವಿನಿಂದ ಹಿಡಿಯಬೇಡಿ. ವೇಗ ಹೆಚ್ಚಿಸಿ ಕೇಳಬೇಡಿ. ನೈಟಿಂಗೇಲ್ ಉತ್ತರ ಕೊಡುವ ಮುನ್ನ ತೆಗೆದುಕೊಳ್ಳುವ ಅರೆಗಳಿಗೆಯ ಮೌನ ಒಂದೂವರೆ ಪಟ್ಟು ವೇಗದಲ್ಲಿ ಮಾಯವಾಗಿಬಿಡುತ್ತದೆ. ಮೊದಲ ಒಂದು ಗಂಟೆ ಉಚ್ಚಾರ ಹಿಡಿತಕ್ಕೆ ಸಿಗದಿದ್ದರೆ ಹೆದರಬೇಡಿ. ನನಗೂ ಸಿಕ್ಕಿರಲಿಲ್ಲ. ಎರಡನೆಯ ಗಂಟೆಯ ಹೊತ್ತಿಗೆ ಕಿವಿ ತಾನೇ ಹೊಂದಿಕೊಳ್ಳುತ್ತದೆ.

ನನ್ನ ಮಾತು ಇಷ್ಟೇ. ಫೋನನ್ನು ಈ ಸ್ಪೀಕರಿಗೆ ಜೋಡಿಸಿದ್ದೇನೆ. ಮೊದಲ ಪುಸ್ತಕದ ಮೊದಲ ಐದು ನಿಮಿಷ ಕೇಳಿಸುತ್ತೇನೆ. ಹಿಂದಿನ ಸಾಲಿನವರು ದಯವಿಟ್ಟು ಮುಂದೆ ಬನ್ನಿ, ಫ್ಯಾನನ್ನು ಯಾರಾದರೂ ಆರಿಸಿ. ಜನವರಿಯ ರಾತ್ರಿ, ಕೋವೆಂಟ್ ಗಾರ್ಡನ್, ಚರ್ಚಿನ ಕಂಬಗಳ ಬಳಿ ಒಬ್ಬ ಕಾನ್‌ಸ್ಟೆಬಲ್ ಚಳಿಗೆ ನಡುಗುತ್ತ ನಿಂತಿದ್ದಾನೆ.